ಧಾರವಾಡದಿಂದ ಮಂಗಳೂರಿಗೆ: ಮಳೆಗಾಲಕ್ಕೆ ಮೊದಲೇ ಮನೆ ಬದಲಿಸುವುದೇ, ದಸರೆಯವರೆಗೆ ಕಾಯುವುದೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದವರು. ನಾನು ಕೆಲಸ ಮಾಡುವ ಸಂಸ್ಥೆಯು ನನ್ನನ್ನು ಮಂಗಳೂರಿನ ಬೈಕಂಪಾಡಿಯ ಕಚೇರಿಗೆ ವರ್ಗಾಯಿಸಿದ್ದು, ಜೂನ್ ಮೊದಲ ವಾರದಲ್ಲಿ ಅಲ್ಲಿ ಹಾಜರಾಗಬೇಕಾಗಿದೆ. ಮನೆಯಲ್ಲಿ ನಾವು ನಾಲ್ವರಿದ್ದೇವೆ: ನಾನು, ನನ್ನ ಯಜಮಾನರು, ಈ ವರ್ಷ ಎಂಟನೆಯ ತರಗತಿಗೆ ಹೋಗಲಿರುವ ಮಗಳು ಮತ್ತು ಎಪ್ಪತ್ತು ದಾಟಿದ ಅತ್ತೆಯವರು. ಯಜಮಾನರ ಕೆಲಸ ದಸರೆಯವರೆಗೂ ಧಾರವಾಡದಲ್ಲಿಯೇ ಇದೆ. ಆನಂತರ ಅವರೂ ಅಲ್ಲಿಗೆ ಬರಲಿದ್ದಾರೆ.

ನಾನು ಮಂಗಳೂರನ್ನು ನೋಡಿರುವುದು ಧರ್ಮಸ್ಥಳ ಮತ್ತು ಕಟೀಲಿಗೆ ಹೋದಾಗ ದಾರಿಯಲ್ಲಿ ಮಾತ್ರ, ಅದೂ ಡಿಸೆಂಬರ್ ತಿಂಗಳಿನಲ್ಲಿ. ಒಂದೇ ರಾಜ್ಯ, ಒಂದೇ ಭಾಷೆ, ಹೊಂದಿಕೊಳ್ಳುವುದೇನೂ ಕಷ್ಟವಾಗದು ಎಂದು ಬಂಧುಗಳೆಲ್ಲ ಹೇಳುತ್ತಿದ್ದಾರೆ. ಆದರೂ ನನಗೆ ಮುಖ್ಯವಾಗಿ ಮೂರು ವಿಷಯಗಳ ಚಿಂತೆಯಿದೆ. ಮೊದಲನೆಯದು, ಮೇ ಕೊನೆಯೊಳಗೆ ಎಲ್ಲರೂ ಒಟ್ಟಿಗೆ ಹೋಗಿಬಿಡುವುದು ಒಳ್ಳೆಯದೋ ಅಥವಾ ನಾನೊಬ್ಬಳೇ ಮೊದಲು ಹೋಗಿ, ಮಳೆ ಮುಗಿದ ಮೇಲೆ ಉಳಿದವರನ್ನು ಕರೆಸಿಕೊಳ್ಳುವುದೋ ಎಂಬುದು. ಎರಡನೆಯದು ಮಗಳ ಶಾಲೆ. ಅವಳು ಇದುವರೆಗೆ ಕನ್ನಡ ಮಾಧ್ಯಮದಲ್ಲಿಯೇ ಓದಿದ್ದಾಳೆ, ಅಲ್ಲಿಯೂ ಕನ್ನಡ ಮಾಧ್ಯಮದ ಪ್ರೌಢಶಾಲೆಗೇ ಸೇರಿಸಬೇಕೆಂಬುದು ನಮ್ಮ ಇಚ್ಛೆ. ಮೂರನೆಯದು ಅತ್ತೆಯವರ ಆರೋಗ್ಯ. ಅವರಿಗೆ ಉಬ್ಬಸವಿದೆ, ಮೊಣಕಾಲು ನೋವೂ ಇದೆ. ಹೊತ್ತಿಗೊಂದು ಜೋಳದ ರೊಟ್ಟಿಯಿಲ್ಲದೆ ಅವರಿಗೆ ಊಟ ಮಾಡಿದಂತಾಗುವುದಿಲ್ಲ.

ಇಂತಹ ಸ್ಥಳಾಂತರದ ಅನುಭವವಿರುವವರು, ಮನೆ ಹುಡುಕುವಾಗ ಏನನ್ನು ಗಮನಿಸಬೇಕು ಎಂಬುದನ್ನೂ ಸೇರಿಸಿ, ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಹಾವೇರಿ ಜಿಲ್ಲೆಯಿಂದ ಬಂದು ಸುರತ್ಕಲ್ಲಿನಲ್ಲಿ ನೆಲೆಸಿರುವವರು)

ಸಹೋದರಿ, ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ಮನುಷ್ಯರು ಯಾವಾಗ ಬೇಕಾದರೂ ಬರಲಿ, ಸಾಮಾನು ಮಾತ್ರ ಮೇ ಮೂರನೆಯ ವಾರದೊಳಗೆ ಮಂಗಳೂರು ಸೇರಿಬಿಡಲಿ. ಧಾರವಾಡದಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 800 ಮಿಲಿಮೀಟರ್, ಇಲ್ಲಿ ಬೀಳುವುದು 3,500 ಮಿಲಿಮೀಟರಿಗೂ ಹೆಚ್ಚು, ಮತ್ತು ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಬಿಡುತ್ತದೆ. ಮಳೆ ಜೂನ್‌ಗೇ ಕಾಯುತ್ತದೆ ಎಂದೂ ನಂಬುವಂತಿಲ್ಲ. 2018ರ ಮೇ 29ರಂದು ಸುರಿದ ಒಂದೇ ದಿನದ ಮಳೆಗೆ ನಗರದ ಎಷ್ಟೋ ಭಾಗಗಳು ಜಲಾವೃತವಾಗಿದ್ದವು, 2025ರಲ್ಲಿಯೂ ಮುಂಗಾರು ಮೇ ಕೊನೆಯ ವಾರದಲ್ಲಿಯೇ ಕರಾವಳಿಗೆ ಬಂದಿಳಿಯಿತು. ಲಾರಿಗೆ ಎಷ್ಟು ಬಿಗಿಯಾಗಿ ತಾಡಪಾಲು ಕಟ್ಟಿದರೂ, ಅರಬೈಲು ಘಟ್ಟದಲ್ಲಿ ಮಳೆಗೆ ಸಿಕ್ಕ ಹತ್ತಿಯ ಗಾದಿಯು ಒಮ್ಮೆ ನೆನೆಯಿತೆಂದರೆ, ಅದನ್ನು ಒಣಗಿಸಲು ಬೇಕಾದ ಬಿಸಿಲು ನಿಮಗೆ ಅಕ್ಟೋಬರ್‌ವರೆಗೆ ಸಿಗುವುದಿಲ್ಲ.

ಮನೆ ಯಾವ ಕಡೆ ಹುಡುಕಬೇಕೆಂಬುದನ್ನು ನಿಮ್ಮ ಕಚೇರಿಯ ಸ್ಥಳವೇ ಬಹುಮಟ್ಟಿಗೆ ನಿರ್ಧರಿಸುತ್ತದೆ. ಬೈಕಂಪಾಡಿ ಇರುವುದು ಫಲ್ಗುಣಿ ನದಿಯ ಉತ್ತರಕ್ಕೆ. ಕದ್ರಿ, ಬಿಜೈ, ಕಂಕನಾಡಿ ಮುಂತಾದ ನಗರದ ನಡುಭಾಗಗಳಲ್ಲಿ ಮನೆ ಮಾಡಿದರೆ ನೀವು ದಿನವೂ ಎರಡು ಹೊತ್ತು ಕೂಳೂರು ಸೇತುವೆಯನ್ನು ದಾಟಬೇಕು. ಬೆಳಗಿನ ಹೊತ್ತು ಬಂದರಿಗೆ ಹೋಗುವ ಲಾರಿಗಳು, ಟ್ಯಾಂಕರುಗಳು, ಉಡುಪಿಯ ಬಸ್ಸುಗಳು ಎಲ್ಲವೂ ಆ ಒಂದೇ ದಾರಿಯಲ್ಲಿ ಸಾಲುಗಟ್ಟುತ್ತವೆ. ಆದ್ದರಿಂದ ಕುಳಾಯಿ, ಸುರತ್ಕಲ್, ಕೃಷ್ಣಾಪುರದ ಕಡೆ ನೋಡುವುದು ನಿಮಗೆ ಅನುಕೂಲವೆಂದು ನನ್ನ ಅಭಿಪ್ರಾಯ.

ಮನೆಯನ್ನು ನೋಡುವ ಬಗೆಯೂ ನಮ್ಮೂರಿನಂತಲ್ಲ. ನಮ್ಮಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಮೊದಲು ಕೇಳುತ್ತೇವೆ. ಇಲ್ಲಿ ಮೊದಲು ನೋಡಬೇಕಾದುದು ಗೋಡೆಯನ್ನು. ಮೇ ತಿಂಗಳಲ್ಲಿ ಬಾಡಿಗೆ ಮನೆಗಳಿಗೆಲ್ಲ ಹೊಸದಾಗಿ ಸುಣ್ಣಬಣ್ಣವಾಗಿರುವುದರಿಂದ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಕಿಟಕಿಯ ಕೆಳಮೂಲೆಗಳಲ್ಲಿ, ಸಜ್ಜಾ ಗೋಡೆಗೆ ಸೇರುವ ಗೆರೆಯಲ್ಲಿ, ಹೊರಗೋಡೆಗೆ ಒತ್ತಿಕೊಂಡಿರುವ ಮರದ ಕಪಾಟಿನ ಹಿಂಬದಿಯಲ್ಲಿ ಬೆರಳಿನಿಂದ ಉಜ್ಜಿ ನೋಡಿ. ಬಣ್ಣ ಪುಡಿಯಾಗಿ ಉದುರಿದರೆ ಅಥವಾ ಕಪಾಟಿನ ಬಾಗಿಲು ತೆರೆದೊಡನೆ ಮುಗ್ಗಲು ವಾಸನೆ ಬಂದರೆ, ಜುಲೈನಲ್ಲಿ ಆ ಗೋಡೆಯ ತುಂಬ ಬೂಷ್ಟು ಹಿಡಿಯುವುದು ನಿಶ್ಚಿತ. ಮುಂಗಾರಿನ ಗಾಳಿಮಳೆ ಪಡುವಣ ಮತ್ತು ನೈಋತ್ಯದಿಂದ ಹೊಡೆಯುತ್ತದೆಯಾದ್ದರಿಂದ ಆ ದಿಕ್ಕಿನ ಕಿಟಕಿಗಳಿಗೆ ಅಗಲವಾದ ಸಜ್ಜಾ ಇದೆಯೇ ಎಂದು ನೋಡಿ. ತಾರಸಿಯ ಕೆಳಗಿನ ಕೊನೆಯ ಅಂತಸ್ತಾದರೆ ತಾರಸಿಯ ಮೇಲೆ ತಗಡಿನ ಮಾಡು ಹಾಕಿರುವ ಮನೆಯನ್ನೇ ಆರಿಸಿ. ಆ ಮಾಡಿನಿಂದ ಸೋರಿಕೆ ತಪ್ಪುವುದಲ್ಲದೆ, ನಾಲ್ಕು ತಿಂಗಳು ನಿಮ್ಮ ಬಟ್ಟೆ ಒಣಗುವುದೂ ಅದರ ಕೆಳಗೆಯೇ.

ಇನ್ನೊಂದು ವಿಷಯವನ್ನು ಲಘುವಾಗಿ ಪರಿಗಣಿಸಬೇಡಿ. ಈ ಊರು ಗುಡ್ಡಗಳ ಮೇಲೆ, ಗುಡ್ಡಗಳನ್ನು ಕಡಿದು ಬೆಳೆದಿದೆ. ಮನೆಯ ಹಿಂದೆ ನೇರವಾಗಿ ಕಡಿದ ಮಣ್ಣಿನ ಬರೆಯಾಗಲಿ, ನೆರೆಮನೆಯ ಎತ್ತರದ ಕಾಂಪೌಂಡ್ ಗೋಡೆಯಾಗಲಿ ಇದ್ದರೆ, ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಆ ಮನೆ ಬೇಡ. 2024ರ ಜೂನ್‌ನಲ್ಲಿ ಉಳ್ಳಾಲದ ಬಳಿ ಕಾಂಪೌಂಡ್ ಗೋಡೆ ಮನೆಯ ಮೇಲೆ ಕುಸಿದು ಒಂದೇ ಕುಟುಂಬದ ನಾಲ್ವರು ಪ್ರಾಣ ಕಳೆದುಕೊಂಡರು. ತಗ್ಗಿನಲ್ಲಿರುವ ಮನೆಯಾದರೆ ಮಳೆಗಾಲದಲ್ಲಿ ಅಂಗಳಕ್ಕೆ ಎಷ್ಟು ನೀರು ಬರುತ್ತದೆ ಎಂಬುದನ್ನು ಮಾಲೀಕರಿಂದಲ್ಲ, ಆ ಬೀದಿಯ ಅಂಗಡಿಯವರಿಂದ ಕೇಳಿ ತಿಳಿಯಿರಿ.

ನೀರಿನ ವಿಷಯದಲ್ಲಿ ನೀವು ಮಲಪ್ರಭೆಗೆ ಕಾಯ್ದು ಅನುಭವವಿರುವವರು, ಹಾಗಾಗಿ ಹೆಚ್ಚು ಹೇಳಬೇಕಾಗಿಲ್ಲ. ಇಲ್ಲಿಗೆ ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿರುವ ಕಿಂಡಿ ಅಣೆಕಟ್ಟಿನಿಂದ ನೀರು ಬರುತ್ತದೆ. ಇಷ್ಟು ಮಳೆ ಬೀಳುವ ಊರಿನಲ್ಲಿಯೂ 2019ರ ಬೇಸಿಗೆಯಲ್ಲಿ ಸರದಿಯ ಮೇಲೆ ನೀರು ಬಿಡಬೇಕಾಯಿತು. ಅಂಗಳದಲ್ಲಿ ಬಾವಿಯಿರುವ ಮನೆ ಸಿಕ್ಕರೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಉತ್ತರ 2 (ಮಂಗಳೂರಿನ ನಿವೃತ್ತ ಪ್ರೌಢಶಾಲಾ ಶಿಕ್ಷಕರು)

ನಾನು ಹುಟ್ಟಿ ಬೆಳೆದದ್ದು, ಪಾಠ ಮಾಡಿದ್ದು ಇದೇ ಊರಿನಲ್ಲಿ. ಮನೆಯ ವಿಷಯ ಮೇಲಿನವರು ಚೆನ್ನಾಗಿ ಬರೆದಿದ್ದಾರೆ. ನಾನು ಮಗುವಿನ ಶಾಲೆಯ ಬಗ್ಗೆ ಮಾತ್ರ ಹೇಳುತ್ತೇನೆ.

ಮಗಳನ್ನು ದಸರೆಯ ನಂತರ ಕರೆತರುವ ಯೋಚನೆ ಇದ್ದರೆ ದಯವಿಟ್ಟು ಅದನ್ನು ಬಿಟ್ಟುಬಿಡಿ. ಶಾಲೆಗಳು ಮೇ ಕೊನೆಗೆ ತೆರೆಯುತ್ತವೆ. ಎಂಟನೆಯ ತರಗತಿಯೆಂದರೆ ಪ್ರೌಢಶಾಲೆಯ ಮೊದಲ ವರ್ಷ, ಹಲವು ಪ್ರಾಥಮಿಕ ಶಾಲೆಗಳಿಂದ ಬಂದ ಮಕ್ಕಳು ಅಂದು ಎಲ್ಲರೂ ಹೊಸಬರೇ ಆಗಿರುತ್ತಾರೆ. ಆ ಮೊದಲ ದಿನ ಬಂದು ಕುಳಿತ ಮಗು ಇತರರೊಡನೆ ತಾನೂ ಬೆರೆಯುತ್ತದೆ. ಅದೇ ಮಗು ಅಕ್ಟೋಬರ್‌ನಲ್ಲಿ ಬಂದರೆ, ಅಷ್ಟರಲ್ಲಿ ಬೆಂಚುಗಳೂ ಗೆಳೆತನಗಳೂ ಗಟ್ಟಿಯಾಗಿರುತ್ತವೆ. ರಾಜ್ಯ ಪಠ್ಯಕ್ರಮವೇ ಆದ್ದರಿಂದ ಪಾಠಪುಸ್ತಕಗಳು ಬದಲಾಗುವುದಿಲ್ಲ. ಧಾರವಾಡದ ಶಾಲೆಯಿಂದ ವರ್ಗಾವಣೆ ಪತ್ರ ಪಡೆಯುವಾಗ ಅದರಲ್ಲಿ ಮಗುವಿನ ಎಸ್‌ಎಟಿಎಸ್ ಸಂಖ್ಯೆ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಗುರುತಿನ ಸಂಖ್ಯೆ), ಹೆಸರಿನ ಅಕ್ಷರಗಳು ಮತ್ತು ಹುಟ್ಟಿದ ದಿನಾಂಕ ಸರಿಯಾಗಿವೆಯೇ ಎಂದು ಅಲ್ಲಿಯೇ ನಿಂತು ಪರಿಶೀಲಿಸಿ. ಒಂದು ಅಕ್ಷರ ತಪ್ಪಿದರೂ ಅದನ್ನು ತಿದ್ದಿಸಲು ಮತ್ತೆ ಹಳೆಯ ಶಾಲೆಗೇ ಹೋಗಬೇಕಾಗುತ್ತದೆ.

ಕನ್ನಡ ಮಾಧ್ಯಮದ ವಿಷಯದಲ್ಲಿ ನಿಮ್ಮ ನಿರ್ಧಾರವನ್ನು ಮನಸಾರೆ ಗೌರವಿಸುತ್ತೇನೆ. ನಗರದೊಳಗೆ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕಡಿಮೆಯಾಗಿದೆ ಎಂಬುದು ನಿಜವಾದರೂ, ಅನುಭವಿ ಶಿಕ್ಷಕರಿರುವ ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳು ಇಂದಿಗೂ ಇವೆ. ತರಗತಿಯಲ್ಲಿ ಮಕ್ಕಳು ಕಡಿಮೆಯಿರುವುದರಿಂದ ಶಿಕ್ಷಕರಿಗೆ ಪ್ರತಿಯೊಬ್ಬರ ಪುಸ್ತಕವನ್ನೂ ನೋಡಲು ಸಾಧ್ಯವಾಗುತ್ತದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ 2024ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯ ಸ್ಥಾನದಲ್ಲಿದ್ದವು, 2025ರಲ್ಲಿ ಆ ಕ್ರಮ ತಿರುವುಮುರುವಾಯಿತು. ಕಟ್ಟಡ ಕೆಲಸಕ್ಕೆಂದು ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ ಜಿಲ್ಲೆಗಳಿಂದ ಬಂದು ನೆಲೆಸಿದ ಕುಟುಂಬಗಳ ಮಕ್ಕಳು ಈ ಶಾಲೆಗಳಲ್ಲಿ ಬಹಳವಾಗಿ ಓದುತ್ತಿದ್ದಾರೆ. ಆದ್ದರಿಂದ ನಿಮ್ಮ ಮಗಳು ತನ್ನ ಮಾತಿನ ಧಾಟಿಯಲ್ಲಿ ಒಂಟಿಯಾಗುವುದಿಲ್ಲ.

ಆಟದ ಬಯಲಿನಲ್ಲಿ ಮಕ್ಕಳು ತಮ್ಮತಮ್ಮಲ್ಲಿ ತುಳು ಮಾತನಾಡುತ್ತಾರೆ, ಕೆಲವರು ಕೊಂಕಣಿಯನ್ನು, ಕೆಲವರು ಬ್ಯಾರಿಯನ್ನು. ಮೊದಲ ಕೆಲವು ವಾರ ಮಗುವಿಗೆ ತನ್ನನ್ನು ಹೊರಗಿಟ್ಟಂತೆ ಅನ್ನಿಸಬಹುದು. ಅವರಲ್ಲಿ ಅಂತಹ ಉದ್ದೇಶವಿರುವುದಿಲ್ಲ, ಅದು ಅವರ ಮನೆಮಾತು, ಅಷ್ಟೇ. ಅರ್ಥವಾಗದಿದ್ದಾಗ ಸಂಕೋಚವಿಲ್ಲದೆ ಕೇಳಲು ಅವಳಿಗೆ ಧೈರ್ಯ ಹೇಳಿ ಕಳುಹಿಸಿ, ಆ ವಯಸ್ಸಿನ ಮಕ್ಕಳು ಬೇಗನೆ ಕಲಿಯುತ್ತಾರೆ. ಕೆಲವು ಶಾಲೆಗಳಲ್ಲಿ ತುಳುವನ್ನು ತೃತೀಯ ಭಾಷೆಯಾಗಿ ಆರಿಸಿಕೊಳ್ಳುವ ಅವಕಾಶವೂ ಇದೆ.

ಮಳೆ ವಿಪರೀತವಾದಾಗ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಘೋಷಿಸುತ್ತಾರೆ. ಆ ಘೋಷಣೆ ಹಿಂದಿನ ರಾತ್ರಿಯೋ ಅಂದು ಬೆಳಿಗ್ಗೆಯೋ ಬರುವುದರಿಂದ, ನೀವು ಕಚೇರಿಗೆ ಹೋದ ಮೇಲೆ ಮಗು ಮನೆಯಲ್ಲಿ ಒಂಟಿಯಾಗುವ ಸಂದರ್ಭಗಳು ಬರುತ್ತವೆ. ಯಜಮಾನರು ಜೊತೆಗಿಲ್ಲದ ಆ ತಿಂಗಳುಗಳಲ್ಲಿ ನೆರೆಮನೆಯವರೊಬ್ಬರ ಪರಿಚಯವನ್ನು ಮೊದಲ ವಾರವೇ ಮಾಡಿಕೊಳ್ಳಿ.

ಉತ್ತರ 3 (ವಿಜಯಪುರ ಜಿಲ್ಲೆಯವರು, ಈಗ ಕಾವೂರಿನಲ್ಲಿ ವಾಸ)

ಅಕ್ಕಾ, ನಾನೂ ಅತ್ತೆ ಮಾವಂದಿರನ್ನು ಕರೆದುಕೊಂಡು ಈ ಊರಿಗೆ ಬಂದವಳು. ಅದರಿಂದಲೇ ಅಧಿಕಾರದಿಂದ ಹೇಳುತ್ತೇನೆ: ಉಬ್ಬಸವಿರುವ ಹಿರಿಯರನ್ನು ಜೂನ್‌ನಲ್ಲಿ ಕರೆತರಬೇಡಿ. ಧಾರವಾಡ ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿರುವ, ಗಾಳಿ ಹಗುರವಾಗಿರುವ ಊರು. ಇಲ್ಲಿ ಮಳೆಗಾಲದಲ್ಲಿ ಗೋಡೆ, ಹಾಸಿಗೆ, ಉಡುವ ಸೀರೆ ಎಲ್ಲದರಲ್ಲಿಯೂ ತೇವವಿರುತ್ತದೆ, ಬೂಷ್ಟಿನ ವಾಸನೆ ಉಬ್ಬಸದವರಿಗೆ ಆಗಿಬರುವುದಿಲ್ಲ. ನಿಮ್ಮ ಯಜಮಾನರು ದಸರೆಯವರೆಗೆ ಅಲ್ಲಿಯೇ ಇರುವುದರಿಂದ ಅತ್ತೆಯವರೂ ಅವರೊಡನೆಯೇ ಇದ್ದು, ನವೆಂಬರ್‌ನಲ್ಲಿ ಬಿಸಿಲು ಬಂದು ಮನೆ ಒಣಗಿದ ಮೇಲೆ ಬರಲಿ. ಬರುವ ಮೊದಲು ಅಲ್ಲಿನ ವೈದ್ಯರಿಂದ ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳ ವಿವರ ಬರೆಸಿಕೊಂಡು ಬನ್ನಿ. ಆಸ್ಪತ್ರೆಗಳ ಕೊರತೆ ಇಲ್ಲಿಲ್ಲ, ಸರ್ಕಾರದ ವೆನ್ಲಾಕ್ ಜಿಲ್ಲಾ ಆಸ್ಪತ್ರೆಯೂ ಇದೆ. ಮಲೇರಿಯಾ ಮತ್ತು ಡೆಂಗಿಯ ಭಯ ಮಳೆಯೊಡನೆ ಬರುವುದರಿಂದ ಕಿಟಕಿಗಳಿಗೆ ಸೊಳ್ಳೆ ಪರದೆಯಿರುವ ಮನೆಯನ್ನೇ ನೋಡಿ, ಇಲ್ಲದಿದ್ದರೆ ಮುಂಗಡ ಕೊಡುವ ಮೊದಲೇ ಹಾಕಿಸಿಕೊಡಲು ಕೇಳಿ.

ಮೊದಲನೆಯ ಉತ್ತರ ಬರೆದವರೊಡನೆ ನನ್ನದೊಂದು ಭಿನ್ನಾಭಿಪ್ರಾಯವಿದೆ. ಕಚೇರಿಗೆ ಹತ್ತಿರವೆಂಬ ಒಂದೇ ಕಾರಣಕ್ಕೆ ಕೈಗಾರಿಕಾ ಪ್ರದೇಶದ ಬದಿಯಲ್ಲಿ ಮನೆ ಮಾಡುವುದು ಈ ಕುಟುಂಬಕ್ಕೆ ಸರಿಹೋಗಲಾರದು. ಹೊಗೆ ಮತ್ತು ಲಾರಿಗಳ ಧೂಳು ಉಬ್ಬಸಕ್ಕೆ ಮಳೆಯಷ್ಟೇ ಕೆಟ್ಟದ್ದು. ಸುರತ್ಕಲ್ಲಿನಲ್ಲಿ ಕಡಲಿನ ಕಡೆಗಿರುವ ಬಡಾವಣೆಯಾದರೆ ನನ್ನ ತಕರಾರಿಲ್ಲ. ಇಲ್ಲವಾದರೆ ಕಾವೂರಿನ ಕಡೆ ನೋಡಿ. ಇಲ್ಲಿಂದ ಹೊರಟರೂ ಕೂಳೂರು ಸೇತುವೆಯನ್ನು ದಾಟಲೇಬೇಕು, ಆದರೆ ಕೊಟ್ಟಾರ ಚೌಕಿಯ ಜಂಗುಳಿ ತಪ್ಪುತ್ತದೆ. ಮೊಣಕಾಲು ನೋವಿನವರಿಗೆ ಇನ್ನೊಂದು ತೊಡಕೂ ಇದೆ. ಗುಡ್ಡದ ಊರಾದ್ದರಿಂದ ನೆಲಅಂತಸ್ತಿನ ಮನೆಗೂ ರಸ್ತೆಯಿಂದ ಹತ್ತಾರು ಮೆಟ್ಟಿಲು ಇಳಿಯಬೇಕಾಗಿ ಬರುತ್ತದೆ, ಮಳೆಯಲ್ಲಿ ಆ ಕೆಂಪುಕಲ್ಲಿನ ಮೆಟ್ಟಿಲುಗಳ ಮೇಲೆ ಪಾಚಿ ಕಟ್ಟುತ್ತದೆ. ರಸ್ತೆಯಿಂದ ನೇರವಾಗಿ ಒಳಗೆ ಹೋಗಬಹುದಾದ ಮನೆ ಅಥವಾ ಲಿಫ್ಟ್ ಇರುವ ವಸತಿ ಸಮುಚ್ಚಯ ನಿಮಗೆ ಬೇಕು.

ರೊಟ್ಟಿಯ ಚಿಂತೆ ಬೇಡ. ನಮ್ಮ ಕಡೆಯ ಜನ ಇಲ್ಲಿ ಬಹಳವಿರುವುದರಿಂದ ಅವರು ವಾಸಿಸುವ ಪ್ರದೇಶಗಳ ಅಂಗಡಿಗಳಲ್ಲಿ ಜೋಳ ಸಿಗುತ್ತದೆ, ರೊಟ್ಟಿ ಬಡಿದು ಕೊಡುವ ಖಾನಾವಳಿಗಳೂ ಇವೆ. ಆದರೆ ಊರಿನಲ್ಲಿ ಮಾಡುವಂತೆ ತಿಂಗಳಿಗಾಗುವಷ್ಟು ಹಿಟ್ಟು ಬೀಸಿಸಿ ಡಬ್ಬಿ ತುಂಬಬೇಡಿ. ಜುಲೈನಲ್ಲಿ ಹಿಟ್ಟು ಬೇಗನೆ ಹುಳು ಹಿಡಿಯುತ್ತದೆ, ಮುಗ್ಗಿದ ಹಿಟ್ಟಿನ ರೊಟ್ಟಿ ತಟ್ಟುವಾಗಲೇ ಒಡೆಯುತ್ತದೆ. ಕಡಕ್ ರೊಟ್ಟಿ ತಂದಿಟ್ಟರೂ ಡಬ್ಬಿ ತೆರೆದ ಸ್ವಲ್ಪ ಹೊತ್ತಿಗೆ ಮೆತ್ತಗಾಗುತ್ತದೆ. ಜೋಳವನ್ನು ಚೆನ್ನಾಗಿ ಒಣಗಿಸಿ ಕಾಳಾಗಿಯೇ ತನ್ನಿ, ವಾರಕ್ಕಾಗುವಷ್ಟನ್ನು ಮಾತ್ರ ಬೀಸಿಸಿ. ಇಲ್ಲಿನ ಮಿಲ್ಲುಗಳಲ್ಲಿ ಜೋಳ ಬೀಸಿಕೊಡುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ. ಪುಂಡಿಪಲ್ಯ ನಮ್ಮಲ್ಲಿಯಷ್ಟು ಸುಲಭವಾಗಿ ಸಿಗದು. ಬದಲಿಗೆ ಬಸಳೆ, ಹರಿವೆ ಧಾರಾಳವಾಗಿ ಸಿಗುತ್ತವೆ. ಕುಚ್ಚಲಕ್ಕಿಯ ಗಂಜಿ ನಮ್ಮ ಅತ್ತೆಗೆ ಮೊದಲು ಸೇರಲಿಲ್ಲ, ಈಗ ಜ್ವರ ಬಂದಾಗ ಅವರೇ ಅದನ್ನು ಕೇಳುತ್ತಾರೆ.

ಹಿರಿಯರಿಗೆ ನಿಜವಾಗಿ ಕಾಡುವುದು ಮಾತಿನ ಕೊರತೆ. ಧಾರವಾಡದಲ್ಲಿ ಬಾಗಿಲಲ್ಲಿ ಕುಳಿತರೆ ಹೋಗಿಬರುವವರು ಮಾತನಾಡಿಸುತ್ತಾರೆ. ಇಲ್ಲಿ ಮನೆಗಳ ನಡುವೆ ಕಾಂಪೌಂಡ್, ತೆಂಗಿನ ಮರಗಳು, ಮಳೆ. ಕನ್ನಡ ಎಲ್ಲರಿಗೂ ಬರುತ್ತದೆ, ಮಾತನಾಡಿಸಿದರೆ ಪ್ರೀತಿಯಿಂದಲೇ ಮಾತನಾಡುತ್ತಾರೆ, ಆದರೆ ಮಾತನ್ನು ಮೊದಲು ಆರಂಭಿಸಬೇಕಾದವರು ನಾವು. ನಮ್ಮ ಅತ್ತೆಯವರಿಗೆ ಸಂಜೆಯ ಭಜನೆಗೆ ಹೋಗತೊಡಗಿದ ಮೇಲೆ ಈ ಊರು ತಮ್ಮದೆನ್ನಿಸಿತು. ಮನೆ ನೋಡುವಾಗ ನಡೆದು ಹೋಗುವಷ್ಟು ದೂರದಲ್ಲಿ ದೇವಸ್ಥಾನವೋ ಭಜನಾ ಮಂದಿರವೋ ಇದೆಯೇ ಎಂದು ವಿಚಾರಿಸಿ.

ಪ್ರಶ್ನೆ ಕೇಳಿದವರಿಂದ

ತಮ್ಮೆಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇದನ್ನೆಲ್ಲ ಮನೆಯಲ್ಲಿ ಓದಿ ಹೇಳಿದೆ. ಮೇ ಮೂರನೆಯ ವಾರದಲ್ಲಿ ಸಾಮಾನಿನೊಡನೆ ನಾನು ಮತ್ತು ಮಗಳು ಬರುವುದು, ಅತ್ತೆಯವರು ಮಗನೊಡನೆ ಧಾರವಾಡದಲ್ಲಿಯೇ ಇದ್ದು ದೀಪಾವಳಿಯ ಹೊತ್ತಿಗೆ ಬರುವುದು ಎಂಬಲ್ಲಿಗೆ ಮಾತು ನಿಂತಿದೆ. ಮನೆಯನ್ನು ಸುರತ್ಕಲ್ ಮತ್ತು ಕಾವೂರು ಎರಡೂ ಕಡೆ ನೋಡುತ್ತೇವೆ. ನಡುವಿನ ಆ ತಿಂಗಳುಗಳಲ್ಲಿ ಯಜಮಾನರು ಆಗಾಗ ಬಂದುಹೋಗಬೇಕಾಗುತ್ತದೆ. ಮಳೆಗಾಲದಲ್ಲಿ ಯಾವ ದಾರಿ ನಂಬಿಕೆಗೆ ಅರ್ಹವೆಂದು ತಿಳಿಸುವಿರಾ? ಎರಡು ಮನೆ ನಡೆಸುವಾಗ ಗ್ಯಾಸ್, ವಿದ್ಯುತ್ತಿನ ಕಾಗದಪತ್ರಗಳನ್ನು ಹೇಗೆ ಹೊಂದಿಸಿಕೊಳ್ಳಬೇಕು?

ಉತ್ತರ 4 (ಕೆಲಸದ ನಿಮಿತ್ತ ಹುಬ್ಬಳ್ಳಿ ಮತ್ತು ಮಂಗಳೂರಿನ ನಡುವೆ ಓಡಾಡುವವರು)

ಎರಡು ದಾರಿಗಳಿವೆ, ಎರಡೂ ಘಟ್ಟವನ್ನು ಇಳಿಯಲೇಬೇಕು. ಬಸ್ಸುಗಳು ಯಲ್ಲಾಪುರ, ಅಂಕೋಲಾ, ಕುಮಟಾ, ಭಟ್ಕಳ, ಉಡುಪಿ ಮಾರ್ಗವಾಗಿ ಒಂದು ರಾತ್ರಿಯಲ್ಲಿ ತಲುಪಿಸುತ್ತವೆ, ಮತ್ತು ಈ ಬಸ್ಸುಗಳು ಸುರತ್ಕಲ್ಲಿನ ಮೂಲಕವೇ ನಗರಕ್ಕೆ ಬರುವುದರಿಂದ ನಿಮ್ಮವರು ಅಲ್ಲಿಯೇ ಇಳಿಯಬಹುದು. ರೈಲಾದರೆ ವಿಜಯಪುರದಿಂದ ಹೊರಟು ಹುಬ್ಬಳ್ಳಿ, ಹಾಸನ, ಸಕಲೇಶಪುರ, ಸುಬ್ರಹ್ಮಣ್ಯ ರಸ್ತೆಯ ಮೂಲಕ ಬರುವ ಗಾಡಿಯಿದೆ. ಅದು ಧಾರವಾಡಕ್ಕೆ ಬರುವುದಿಲ್ಲವಾದ್ದರಿಂದ ಹುಬ್ಬಳ್ಳಿಗೆ ಬಂದು ಹತ್ತಬೇಕು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಅದೇ ತಿಂಗಳ ಕೊನೆಗೆ ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ಹಳಿಯ ಬದಿಯ ಮಣ್ಣು ಕುಸಿದು ರೈಲುಗಳೂ ನಿಂತವು. ಒಂದು ದಾರಿ ಕೈಕೊಟ್ಟರೆ ಇನ್ನೊಂದು ಇದ್ದೇ ಇರುತ್ತದೆ ಎಂದು ಜುಲೈನಲ್ಲಿ ಭಾವಿಸುವಂತಿಲ್ಲ. ಜುಲೈ ಮತ್ತು ಆಗಸ್ಟ್‌ನಲ್ಲಿ ಬರುವಾಗ ಮರಳಿ ಹೋಗುವುದಕ್ಕೆ ಒಂದು ದಿನವನ್ನು ಹೆಚ್ಚಾಗಿ ಇಟ್ಟುಕೊಂಡೇ ರಜೆ ಹಾಕಲು ಹೇಳಿ.

ಊರೊಳಗಿನ ಓಡಾಟದ ಬಗ್ಗೆ ಒಂದು ಮಾತು. ಧಾರವಾಡದಲ್ಲಿ ಶಕ್ತಿ ಯೋಜನೆಯಡಿ ಉಚಿತವಾಗಿ ಓಡಾಡಿ ಅಭ್ಯಾಸವಿರುವ ಹೆಣ್ಣುಮಕ್ಕಳು ಇಲ್ಲಿ ಟಿಕೆಟ್ಟಿನ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಕು. ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವು, ಅವುಗಳಿಗೆ ಆ ಯೋಜನೆ ಅನ್ವಯಿಸುವುದಿಲ್ಲ. ಬಸ್ಸುಗಳು ಮಾತ್ರ ಕೆಲವೇ ನಿಮಿಷಗಳಿಗೊಂದರಂತೆ ಬರುತ್ತಿರುತ್ತವೆ.

ಧಾರವಾಡದ ಮನೆ ನಡೆಯುತ್ತಿರುವವರೆಗೆ ಅಲ್ಲಿನ ಗ್ಯಾಸ್ ಸಂಪರ್ಕವನ್ನು ಹಾಗೆಯೇ ಬಿಡಿ. ಇಲ್ಲಿ ನಿಮಗೂ ಮಗಳಿಗೂ ವಿಳಾಸದ ದಾಖಲೆಯಿಲ್ಲದೆಯೇ, ಗುರುತಿನ ಚೀಟಿ ತೋರಿಸಿದರೆ ಸಿಗುವ 5 ಕಿಲೋ ಸಿಲಿಂಡರ್ ಸಾಕಾಗುತ್ತದೆ. ದಸರೆಯ ನಂತರ ಅಲ್ಲಿ ಸಿಲಿಂಡರ್ ಮತ್ತು ರೆಗ್ಯುಲೇಟರ್ ಒಪ್ಪಿಸಿ ಟ್ರಾನ್ಸ್‌ಫರ್ ವೋಚರ್ ಪಡೆದು ಬನ್ನಿ. ವಿದ್ಯುತ್ತು ಹೆಸ್ಕಾಂನಿಂದ ಮೆಸ್ಕಾಂಗೆ ಬದಲಾಗುತ್ತದೆ. ಗೃಹಜ್ಯೋತಿಯಲ್ಲಿ ಧಾರವಾಡದ ಮನೆ ಯಾರ ಆಧಾರ್‌ಗೆ ಜೋಡಣೆಯಾಗಿದೆ ಎಂದು ಈಗಲೇ ನೋಡಿಕೊಳ್ಳಿ. ಅದು ನಿಮ್ಮ ಹೆಸರಿನಲ್ಲಿದ್ದರೆ ಆ ಜೋಡಣೆಯನ್ನು ತೆಗೆಸಿದ ಮೇಲೆಯೇ ಇಲ್ಲಿನ ಮನೆಯ ಆರ್‌ಆರ್ ಸಂಖ್ಯೆಗೆ, ಅಂದರೆ ವಿದ್ಯುತ್ ಸಂಪರ್ಕದ ಸಂಖ್ಯೆಗೆ, ನೋಂದಾಯಿಸಲು ಸಾಧ್ಯ. ವಾಹನಕ್ಕೆ ಹೊಸ ನೋಂದಣಿ ಬೇಕಾಗಿಲ್ಲ, ಕೆಎ 25ರ ಗಾಡಿಯನ್ನು ಹಾಗೆಯೇ ಓಡಿಸಬಹುದು, ಆದರೆ ಆರ್‌ಸಿಯಲ್ಲಿ ವಿಳಾಸ ಬದಲಿಸಲು ನಿಯಮದ ಪ್ರಕಾರ 30 ದಿನಗಳ ಅವಕಾಶವಿದೆ. ಬಾಡಿಗೆ ಕರಾರುಪತ್ರವನ್ನು ನಿಮ್ಮ ಹೆಸರಿನಲ್ಲಿಯೇ ಮಾಡಿಸಿ, ಏಕೆಂದರೆ ಮುಂದೆ ಆಧಾರ್ ವಿಳಾಸದಿಂದ ಹಿಡಿದು ಎಲ್ಲ ಬದಲಾವಣೆಗಳಿಗೂ ಅದನ್ನೇ ಕೇಳುತ್ತಾರೆ.